ಬೆನ್ನು ಹತ್ತಿ, ಗೆಳೆಯರೇ!



ಬೆಂಗಳೂರಿನ ಯಾವುದೋ ಕಾಲೇಜಿನ ಕ್ಯಾಂಟೀನಿನಲ್ಲಿ, ಯಾವುದೋ ಹಾಸ್ಟೆಲ್ಲಿನ ಜಗಲಿಯಲ್ಲಿ ಒಬ್ಬ ಹುಡುಗ "ಓದಾಕತ್ತೀನೋಪಾ" ಅಂದ ಕೂಡಲೇ ಸುತ್ತ ಕೂತವರು ನಗುತ್ತಾರೆ. ನಗುವವರಲ್ಲಿ ಕೇಡೇನೂ ಇರುವುದಿಲ್ಲ. ಸಿನಿಮಾದ ಹಾಸ್ಯನಟರು ಕಲಿಸಿಕೊಟ್ಟ ನಗು ಅದು. ಟೀವಿಯ ನಗೆಚಾಟಿಕೆ ರೂಢಿ ಮಾಡಿಸಿದ ನಗು. ಆದರೆ ಚಿಕ್ಕೋಡಿಯಿಂದಲೋ ರಾಯಬಾಗದಿಂದಲೋ ಬಂದ ಆ ಹುಡುಗ ಒಂದು ಪಾಠ ಕಲಿಯುತ್ತಾನೆ. ತಿಂಗಳು ಕಳೆಯುವುದರೊಳಗೆ "ಓದ್ತಾ ಇದೀನಿ" ಅನ್ನುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ಊರಿಗೆ ಹೋದಾಗ ಅವ್ವನ ಮುಂದೆಯೂ ಅದೇ ಬಾಯಿಗೆ ಬರುತ್ತದೆ. ಅವ್ವ ಸುಮ್ಮನೆ ಮಗನ ಮುಖ ನೋಡುತ್ತಾಳೆ.

ಏನು ಹೋಯಿತು ಅಂತೀರಾ? ಒಂದು ಕ್ರಿಯಾಪದ ಹೋಯಿತು. ಹೋದದ್ದು ಸಣ್ಣದಲ್ಲ.

ಅದೇ ಕ್ಯಾಂಟೀನಿನ ಪಕ್ಕದ ಮೇಜಿನಲ್ಲಿ ಇನ್ನೊಂದು ಮಾತು ನಡೆದಿರುತ್ತದೆ. "ಅವನು ಗಿಟಾರ್ ಬಗ್ಗೆ ಫುಲ್ ಒಬ್ಸೆಸ್ಡ್ ಕಣೋ." "ಅವಳಿಗೆ ಐಎಎಸ್ ಕ್ರೇಜು." "ಸ್ವಲ್ಪ ಫೋಕಸ್ ಮಾಡೋ." ಯಾಕಪ್ಪಾ ಇಷ್ಟೊಂದು ಇಂಗ್ಲಿಷು ಎಂದು ಕೇಳಿ ನೋಡಿ. "ಒಬ್ಸೆಸ್ ಅನ್ನೋದಕ್ಕೆ ಕನ್ನಡದಲ್ಲಿ ಪದ ಎಲ್ಲಿದೆ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದೆ, ಸ್ವಾಮಿ! ನೀವು ಈಗಷ್ಟೇ ನಕ್ಕಿರಲ್ಲ, ಆ ಹುಡುಗನ ಬಾಯಲ್ಲೇ ಇತ್ತು. "ಓದಾಕತ್ತೀನಿ" ಅನ್ನುವುದರ ಬಾಲದಲ್ಲಿ ಕೂತಿರುವ ಆ "ಹತ್ತು" ಇದೆಯಲ್ಲ, ಅದೇ ಪದ. ಅದಕ್ಕೆ "ಬೆನ್ನು" ಸೇರಿಸಿದರೆ ನೀವು ಹುಡುಕುತ್ತಿರುವ ಮಾತು ಸಿಗುತ್ತದೆ: ಬೆನ್ನು ಹತ್ತು.

ಈ ಸಲದ ಸಂಪಾದಕೀಯ ಈ ಒಂದು ಕ್ರಿಯಾಪದದ ಮೇಲೆ. ನಮ್ಮ ಗಡಿಯ ಐದು ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಾಲಗೆಯ ಮೇಲೆ ಇಂದಿಗೂ ದಿನಕ್ಕೆ ನೂರು ಸಲ ಹೊರಳುವ ಈ ಪದ ಏನು, ಎಲ್ಲಿಂದ ಬಂತು, ಅದನ್ನು ಕಳೆದುಕೊಂಡರೆ ನಿಮಗೇನು ನಷ್ಟ ಎಂಬುದನ್ನು ಬಿಡಿಸಿ ನೋಡೋಣ.

ಒಂದು ಧಾತು, ನೂರು ಕೆಲಸ

ಬೆಂಗಳೂರಿನಲ್ಲಿ "ಹತ್ತು" ಅಂದರೆ ಏರು ಎಂದಷ್ಟೇ ಅರ್ಥ. ಬಸ್ಸು ಹತ್ತು, ಮೆಟ್ಟಿಲು ಹತ್ತು, ಬೆಟ್ಟ ಹತ್ತು. ಅಲ್ಲಿಗೆ ಮುಗಿಯಿತು. ಕೃಷ್ಣಾ ತೀರದ ಕನ್ನಡದಲ್ಲಿ ಅದು ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ.

ಮುಂಜಾನೆ ಕಟ್ಟಿಗೆ ಹಸಿಯಿದ್ದರೆ "ಒಲಿ ಹತ್ತವಲ್ದು". ರಾತ್ರಿ ಚಿಂತೆಯಿದ್ದರೆ "ನಿದ್ದಿ ಹತ್ತಲಿಲ್ಲ". ಹುಡುಗ ಎಷ್ಟು ತಿಂದರೂ ಬಡಕಲಾಗಿಯೇ ಇದ್ದರೆ "ಉಂಡದ್ದು ಮೈಗೆ ಹತ್ತವಲ್ದು". ಮಾಸ್ತರರು ಹೇಳಿದ್ದು ತಿಳಿಯದಿದ್ದರೆ "ತಲಿಗೆ ಹತ್ತಲಿಲ್ಲ". ಚಿಕ್ಕೋಡಿಗೆ ಹೋಗಲು "ಒಂದ ತಾಸ ಹತ್ತತೈತಿ", ಮದುವೆ ಮಾಡಲು "ಭಾಳ ರೊಕ್ಕ ಹತ್ತತಾವ". ತಂಬಾಕಿನ ಊರು ನಿಪ್ಪಾಣಿಯಲ್ಲಿ ಬೀಡಿಯ ತಲಬು "ಹತ್ತುತ್ತದೆ". ಚಟ ಹತ್ತುತ್ತದೆ, ರುಚಿ ಹತ್ತುತ್ತದೆ, ಹುಚ್ಚು ಹತ್ತುತ್ತದೆ. ದಾರಿ ತಪ್ಪಿದ ಮಗ ಮತ್ತೆ "ಹಾದಿಗೆ ಹತ್ತುತ್ತಾನೆ". ಮಳೆ "ಬರಾಕತ್ತೈತಿ". ಅಂದರೆ ಬರಲಿಕ್ಕೆ ಹತ್ತಿದೆ, ಬರುತ್ತಿದೆ.

ಇಷ್ಟರಲ್ಲಿ ಎಲ್ಲೂ "ಏರು" ಎಂಬ ಅರ್ಥ ಇಲ್ಲ, ಗಮನಿಸಿದಿರಾ? ಎಲ್ಲ ಕಡೆಯೂ ಇರುವುದು ಒಂದೇ ಅರ್ಥ: ಅಂಟು, ತಗಲು, ಕೂಡಿಕೋ. ಬೆಂಕಿ ಕಟ್ಟಿಗೆಗೆ ಅಂಟಿದರೆ ಒಲೆ ಹತ್ತಿತು. ನಿದ್ದೆ ಕಣ್ಣಿಗೆ ಅಂಟಿದರೆ ನಿದ್ದೆ ಹತ್ತಿತು. ಊಟ ಮೈಗೆ ಅಂಟಿದರೆ ಮೈಗೆ ಹತ್ತಿತು. ಮಾಡುವವನು ಮಾಡುವ ಕೆಲಸಕ್ಕೆ ಅಂಟಿದರೆ ಮಾಡಾಕತ್ತಿದ. ಬೆಟ್ಟ ಏರುವುದಕ್ಕೂ ಹತ್ತು ಅನ್ನುತ್ತೇವಲ್ಲ, ಅದೂ ದೂರದ ಮಾತಲ್ಲ. ಮರಕ್ಕೆ ಮೈಯೊಡ್ಡಿ, ಅದನ್ನು ತಬ್ಬಿ ಅಂಟಿಕೊಂಡಲ್ಲದೆ ಯಾರು ತಾನೇ ಏರಬಲ್ಲರು?

ಈಗ "ಬೆನ್ನು ಹತ್ತು" ಎಂಬುದನ್ನು ನೋಡಿ. ಒಂದರ ಬೆನ್ನಿಗೆ ಅಂಟಿಕೊಳ್ಳುವುದು, ಅದು ಹೋದಲ್ಲೆಲ್ಲ ಹೋಗುವುದು, ಅದು ತಿರುಗಿದರೆ ತಿರುಗುವುದು, ಸಿಗುವತನಕ ಬಿಡದಿರುವುದು. "ಹುಡುಗ ಕುಸ್ತಿ ಬೆನ್ನ ಹತ್ತ್ಯಾನ" ಅಂದರೆ ಅವನು ದಿನಾ ಒಂದು ತಾಸು ಗರಡಿಗೆ ಹೋಗುತ್ತಾನೆ ಎಂದಲ್ಲ. ಅವನ ಊಟ, ನಿದ್ದೆ, ಮಾತು, ಕನಸು ಎಲ್ಲವೂ ಕುಸ್ತಿಯೇ ಆಗಿವೆ ಎಂದರ್ಥ. ನಿಮ್ಮ ಒಬ್ಸೆಸ್ಸಿಗೆ ಇದಕ್ಕಿಂತ ಒಳ್ಳೆಯ ಕನ್ನಡ ಬೇಕೆ?

ಎಲ್ಲಿಂದ ಬಂತು?

ಹಳಗನ್ನಡದ "ಪ" ಮುಂದೆ "ಹ" ಆಯಿತೆಂದು ನೀವು ಶಾಲೆಯಲ್ಲಿ ಓದಿದ್ದೀರಿ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಹಾಗೆಯೇ "ಪತ್ತು" ಎಂಬ ಧಾತು "ಹತ್ತು" ಆಯಿತು. ಪತ್ತು ಅಂದರೆ ಹಳಗನ್ನಡದಲ್ಲಿ ಅಂಟು, ಸೇರು, ಹಿಡಿ. "ಪತ್ತುಗೆ" ಅಂದರೆ ಅಂಟು, ನಂಟು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಪಕಾರ ಹಕಾರವಾಗುವುದನ್ನು ನಿಯಮವಾಗಿಯೇ ಹೇಳಿದ. ಅಂದರೆ ಅವನ ಕಾಲಕ್ಕೆ ಈ ಬದಲಾವಣೆ ಜನರ ಬಾಯಲ್ಲಿ ನೆಲೆಯೂರಿತ್ತು.

ನೆರೆಯ ನುಡಿಗಳನ್ನೂ ಕೇಳಿ. ತಮಿಳಿನಲ್ಲಿ "ಪಱ್ಱು" ಅಂದರೆ ಹಿಡಿ, ಅಂಟು. ಬೆಂಕಿ ಹೊತ್ತಿಕೊಳ್ಳುವುದಕ್ಕೂ ಅದೇ ಮಾತು. ಮಲೆಯಾಳದಲ್ಲಿ "ಪಱ್ಱುಕ". ತೆಲುಗಿನಲ್ಲಿ "ಪಟ್ಟು", ಹುಚ್ಚು ಹಿಡಿಯುವುದಕ್ಕೆ ತೆಲುಗರು ಇದೇ ಕ್ರಿಯಾಪದ ಬಳಸುತ್ತಾರೆ. ಮಂಗಳೂರಿನ ಗೆಳೆಯರಿದ್ದರೆ ಕೇಳಿ ನೋಡಿ, ತುಳುವಿನಲ್ಲಿ "ಪತ್ತುನಿ" ಅಂದರೆ ಹಿಡಿಯುವುದು. ಬರೋ ಮತ್ತು ಎಮೆನೊ ಎಂಬ ಇಬ್ಬರು ವಿದ್ವಾಂಸರು ೧೯೬೧ರಲ್ಲಿ ಹೊರತಂದ, ೧೯೮೪ರಲ್ಲಿ ಪರಿಷ್ಕರಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಇವೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರಂತೆ ಒಂದೇ ಕಡೆ ಕೂತಿವೆ. ಕನ್ನಡದಲ್ಲಿ "ಪಟ್ಟು ಹಿಡಿ" ಅನ್ನುತ್ತೇವಲ್ಲ, ಕುಸ್ತಿಯ ಪಟ್ಟು, ಹಟದ ಪಟ್ಟು, ಅದೂ ಈ ಬಳಗದ್ದೇ.

ಇನ್ನೊಂದು ಮಾತು. ಎಣಿಕೆಯ ಹತ್ತು ಬೇರೆ, ಹೊಲದ ಹತ್ತಿ ಬೇರೆ. ಅವುಗಳ ಬೇರು ಇದಲ್ಲ. ಆದರೆ "ಹತ್ತಿರ" ಇದೇ ಬೇರಿನದು. ಅಂಟಿಕೊಂಡಂತೆ ಇರುವುದೇ ಹತ್ತಿರ. "ನನ್ ಹತ್ರ ದುಡ್ಡಿಲ್ಲ ಗುರೂ" ಎಂದು ಬೆಂಗಳೂರಿನ ಹುಡುಗ ದಿನಕ್ಕೆ ಹತ್ತು ಸಲ ಹೇಳುತ್ತಾನೆ. "ಓದಾಕತ್ತೀನಿ" ಅಂದವನನ್ನು ನೋಡಿ ನಗುವ ಬಾಯಲ್ಲೂ ಅದೇ ಧಾತು ಇದೆ! ನಗುವ ಮೊದಲು ಇದನ್ನು ಯಾರಾದರೂ ಹೇಳಬೇಕಿತ್ತು.

ಮರಾಠಿಯ ಸಾಲವೇ?

"ಆ ಕಡೆಯವರದು ಅರ್ಧ ಮರಾಠಿ ಬಿಡಿ ಸಾರ್" ಎಂದು ಹೇಳುವ ವಿದ್ಯಾವಂತರು ನಮ್ಮಲ್ಲಿದ್ದಾರೆ. ಈ ಮಾತನ್ನು ತೂಗಿ ನೋಡಬೇಕು, ಸುಮ್ಮನೆ ಸಿಟ್ಟಾದರೆ ಪ್ರಯೋಜನವಿಲ್ಲ.

ಮರಾಠಿಯಲ್ಲಿ "ಲಾಗಣೆ" ಎಂಬ ಕ್ರಿಯಾಪದವಿದೆ. ಸಂಸ್ಕೃತದ "ಲಗ್" ಧಾತುವಿನಿಂದ ಬಂದದ್ದು. ಅದರರ್ಥವೂ ಅಂಟು, ತಗಲು. ಅದರ ಕೆಲಸಗಳನ್ನು ನೋಡಿ. ಬೆಂಕಿ ಬಿದ್ದರೆ "ಆಗ ಲಾಗಲೀ". ನಿದ್ದೆ ಬಂದರೆ "ಝೋಪ ಲಾಗಲೀ". ಹೊತ್ತು ಬೇಕಾದರೆ "ವೇಳ ಲಾಗತೋ". ಹುಚ್ಚು ಹತ್ತಿದರೆ "ವೇಡ ಲಾಗಲೇ". ಬೆನ್ನು ಹತ್ತುವುದಕ್ಕೆ "ಪಾಠೀಸ ಲಾಗಣೆ". ಪಾಠ ಅಂದರೆ ಬೆನ್ನು. ಮಳೆ ಶುರುವಾದರೆ "ಪಾವುಸ್ ಪಡೂ ಲಾಗಲಾ". ಕನ್ನಡದ ಹತ್ತು, ಮರಾಠಿಯ ಲಾಗು, ಎರಡೂ ಒಂದೇ ಬದುವಿನ ಮೇಲೆ ಜೋಡಿ ಎತ್ತಿನಂತೆ ನಡೆಯುತ್ತವೆ.

ಹಾಗಾದರೆ ಯಾರು ಯಾರಿಂದ ಕಲಿತರು? ಬೆಂಕಿ ಹತ್ತುವುದು, ಹುಚ್ಚು ಹತ್ತುವುದು ಎಂಬ ಅರ್ಥಗಳಿಗೆ ತಮಿಳು ತೆಲುಗುಗಳಲ್ಲೂ ಸಾಕ್ಷಿ ಇರುವುದರಿಂದ ಅವನ್ನು ಮರಾಠಿಯ ಸಾಲ ಎನ್ನಲು ಬರುವುದಿಲ್ಲ. ಮದರಾಸಿನವನು ಬೆಂಕಿ ಹಚ್ಚಲು ಸಾಂಗಲಿಗೆ ಹೋಗಿ ಮಾತು ಕಲಿತು ಬಂದನೇ? ಇಲ್ಲ. ತಾಸು ಹತ್ತುವುದು, ರೊಕ್ಕ ಹತ್ತುವುದು ಇಂಥ ಕೆಲವು ಬಳಕೆಗಳಲ್ಲಿ ನೆರೆಮನೆಯ ಗಾಳಿ ಬೀಸಿರಬಹುದು. ಬೀಸಲಿ. ನೂರಾರು ವರ್ಷ ಒಂದೇ ಹೊಳೆಯ ನೀರು ಕುಡಿದವರು ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳದೇ ಇರುತ್ತಾರೆಯೇ?

ಆದರೆ ಒಂದು ಸೂಕ್ಷ್ಮ ನೋಡಿ. ಮರಾಠಿಯಲ್ಲಿ "ಕರೂ ಲಾಗಲಾ" ಅಂದರೆ ಮಾಡಲು ಶುರು ಮಾಡಿದ. ಅಲ್ಲಿಗೆ ನಿಂತಿತು. ನಮ್ಮ ಬರಹದ ಕನ್ನಡದಲ್ಲೂ "ಹೇಳಹತ್ತಿದನು" ಅಂದರೆ ಹೇಳತೊಡಗಿದನು ಎಂದೇ. ಆದರೆ ಗಡಿಯ ಆಡುಗನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. "ಮಾಡಾಕತ್ತ್ಯಾನ" ಅಂದರೆ ಶುರು ಮಾಡಿದ ಅಷ್ಟೇ ಅಲ್ಲ, ಬಿಡದೆ ಮಾಡುತ್ತಲೇ ಇದ್ದಾನೆ. ಅಂಟಿಕೊಂಡವನು ಅಂಟಿಕೊಂಡೇ ಇದ್ದಾನೆ! ಇದು ನಕಲಿನ ಗುಣವಲ್ಲ. ತನ್ನ ಧಾತುವಿನ ಒಳಗುಣವನ್ನು ಹಿಡಿದು ತಾನೇ ಬೆಳೆದ ನುಡಿಯ ಗುಣ.

ಕಾಗವಾಡದಾಚೆ, ಮಿರಜು ಸಾಂಗಲಿಗಳ ಮಗ್ಗುಲಲ್ಲಿ ಕುಪವಾಡ ಎಂಬ ಊರಿದೆ. ಜಗತ್ತಿನ ಭಾಷಾಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುವ ಊರು ಅದು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸರು ೧೯೭೧ರಲ್ಲಿ ಆ ಊರಿನ ಮೇಲೆ ಪ್ರಬಂಧ ಪ್ರಕಟಿಸಿದರು. ಅಲ್ಲಿನ ಜೈನರು, ಲಿಂಗಾಯತರು ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಮುಸಲ್ಮಾನರು ಉರ್ದು, ಉಳಿದವರಲ್ಲಿ ಹೆಚ್ಚಿನವರು ಮರಾಠಿ. ಶತಮಾನಗಳ ಒಡನಾಟದಿಂದ ಮೂರೂ ನುಡಿಗಳ ವಾಕ್ಯರಚನೆ ಬಹುತೇಕ ಒಂದೇ ಆಗಿತ್ತು. ಪದಕ್ಕೆ ಪದ ಇಟ್ಟರೆ ಒಂದರ ವಾಕ್ಯ ಇನ್ನೊಂದರದಾಗುತ್ತಿತ್ತು. ಆದರೆ ಪದಗಳನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಹೊಸ್ತಿಲೊಳಗೆ ಕಾಲಿಟ್ಟ ಕೂಡಲೇ ಮನೆಯ ಮಾತು. ಸರಕಾರದ ಆಸರೆಯಿಲ್ಲದೆ, ಶಾಲೆಯ ಆಸರೆಯಿಲ್ಲದೆ, ಮಹಾರಾಷ್ಟ್ರದ ನೆಲದಲ್ಲಿ ಪದಗಳನ್ನು ಉಳಿಸಿಕೊಂಡವರು ಅವರು. ಇದನ್ನು "ಅರ್ಧ ಮರಾಠಿ" ಅನ್ನುತ್ತೀರೋ, ಪಟ್ಟು ಬಿಡದ ಕನ್ನಡ ಅನ್ನುತ್ತೀರೋ, ನೀವೇ ಹೇಳಿ.

ಯಾರು ಯಾರ ಬೆನ್ನು ಹತ್ತಿದರು?

ಇಂಗ್ಲಿಷಿನ ಒಬ್ಸೆಸ್ ಎಂಬ ಪದದ ಮೂಲ ಲ್ಯಾಟಿನ್. ಎದುರಿಗೆ ಬಂದು ಕೂರುವುದು, ಕೋಟೆಗೆ ಮುತ್ತಿಗೆ ಹಾಕುವುದು ಎಂಬುದು ಅದರ ಹಳೆಯ ಅರ್ಥ. ಆಮೇಲೆ ದೆವ್ವ ಹೊರಗಿನಿಂದ ಕಾಡುವುದಕ್ಕೆ ಆ ಮಾತು ಬಂತು. ಕೊನೆಗೆ ಮನಸ್ಸಿಗೆ ಬಂತು. ಅಲ್ಲಿ ಮನುಷ್ಯ ಕೋಟೆಯೊಳಗೆ ಸಿಕ್ಕಿಬಿದ್ದವನು, ಪಾಪ. ಅವನಿಗೆ ಮಾಡಲು ಏನೂ ಇಲ್ಲ.

ಕನ್ನಡದ ಬೆನ್ನು ಹತ್ತು ಎರಡೂ ಕಡೆಯಿಂದ ನಡೆಯುತ್ತದೆ. "ಆತ ಕೆಲಸದ ಬೆನ್ನು ಹತ್ತಿದ" ಅಂದರೆ ಒಡೆಯ ಅವನೇ. "ಸಾಲ ಅವನ ಬೆನ್ನು ಹತ್ತಿತು" ಅಂದರೆ ಒಡೆಯ ಸಾಲ. ವಿಕ್ರಮನ ಬೆನ್ನಿಗೆ ಬೇತಾಳ ಹತ್ತಿದ್ದು ಹೌದು. ಆದರೆ ಮೊದಲು ಬೇತಾಳನ ಬೆನ್ನು ಹತ್ತಿ ಸುಡುಗಾಡಿಗೆ ಹೋದವನು ವಿಕ್ರಮನೇ ಅಲ್ಲವೇ! ಹಟ, ಛಲ, ಗೀಳು, ಚಟ, ಹುಚ್ಚು ಇವೆಲ್ಲ ಹೆಸರುಗಳು. ಹೆಸರು ಹಣೆಗೆ ಹಚ್ಚಿದ ಚೀಟಿಯಂತೆ, ಒಳ್ಳೆಯದೋ ಕೆಟ್ಟದ್ದೋ ಮೊದಲೇ ತೀರ್ಮಾನ ಹೇಳಿಬಿಡುತ್ತದೆ. ಬೆನ್ನು ಹತ್ತು ಎಂಬ ಕ್ರಿಯಾಪದ ತೀರ್ಮಾನ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತದೆ. ಯಾರು? ಯಾರನ್ನು? ಯಾತಕ್ಕೆ? ರಾತ್ರಿ ಎರಡು ಗಂಟೆಗೆ ಮೊಬೈಲಿನ ಪರದೆ ಸರಿಸುತ್ತ ಮಲಗಿರುವ ಗೆಳೆಯನೇ, ನೀನು ಅದರ ಬೆನ್ನು ಹತ್ತಿದ್ದೀಯೋ, ಅದು ನಿನ್ನ ಬೆನ್ನು ಹತ್ತಿದೆಯೋ? ಉತ್ತರ ನಮಗೆ ಬೇಡ, ನಿನಗೆ ಗೊತ್ತಿದ್ದರೆ ಸಾಕು.

ಫೋಕಸ್ ಎಂಬುದರ ಕತೆ ಇನ್ನೂ ಚೆನ್ನ. ಲ್ಯಾಟಿನ್ನಿನಲ್ಲಿ ಫೋಕಸ್ ಅಂದರೆ ಮನೆಯ ಒಲೆ. ಖಗೋಳ ವಿಜ್ಞಾನಿ ಕೆಪ್ಲರ್ ೧೬೦೪ರಲ್ಲಿ ಅದನ್ನು ಗಣಿತಕ್ಕೆ ತಂದ. ಗಾಜಿನ ಮಸೂರ ಬಿಸಿಲನ್ನು ಒಂದೇ ಬಿಂದುವಿಗೆ ತಂದರೆ ಅಲ್ಲಿ ಬೆಂಕಿ ಹತ್ತುತ್ತದೆಯಲ್ಲ, ಆ ಬಿಂದು ಒಲೆಯಂತೆ. ಅಂದರೆ ಯುರೋಪಿನ ಪಂಡಿತ ಏಕಾಗ್ರತೆಯ ಮಾತಿಗೆ ಒಲೆಯ ಹತ್ತಿರ ಹೋದ. ನಮ್ಮ ಅವ್ವಂದಿರು ಅಡುಗೆಮನೆಯಲ್ಲಿ "ಒಲಿ ಹತ್ತಿತು" ಅನ್ನುವಾಗ ಅದೇ ಧಾತುವಿನಿಂದ ಮಗನ ಓದಿಗೂ ಮಾತು ಕಟ್ಟಿದರು. ಕಡಿಮೆ ಯಾರು?

ಬೆನ್ನು ಹತ್ತಿದವರು

ಪದದ ಅರ್ಥ ನಿಘಂಟಿನಲ್ಲಿ ಅರ್ಧ, ಬಾಳಿನಲ್ಲಿ ಅರ್ಧ. ಚಿಕ್ಕೋಡಿ ತಾಲ್ಲೂಕಿನ ಸದಲಗಾ ಎಂಬ ಊರನ್ನು ನೆನೆಯಿರಿ. ೧೯೦೬ರಲ್ಲಿ ಅಲ್ಲೊಬ್ಬ ಹುಡುಗ ಹುಟ್ಟಿದ, ಮನೆಮಾತು ಕನ್ನಡ. ಹೆಸರು ಆದಿನಾಥ ನೇಮಿನಾಥ ಉಪಾಧ್ಯೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದುಕೊಂಡು ಆತ ಬೆನ್ನು ಹತ್ತಿದ್ದು ಪ್ರಾಕೃತದ ಓಲೆಗರಿಗಳನ್ನು. ಒಂದೊಂದು ಹಸ್ತಪ್ರತಿ ಒಂದೊಂದು ಬಸದಿಯಲ್ಲಿ, ಭಂಡಾರದಲ್ಲಿ. ತರಿಸಬೇಕು, ಹೋಲಿಸಬೇಕು, ಪಾಠ ನಿರ್ಣಯಿಸಬೇಕು. ಪ್ರವಚನಸಾರ, ಪರಮಾತ್ಮಪ್ರಕಾಶ, ಬೃಹತ್ಕಥಾಕೋಶ ಹೀಗೆ ಒಂದರ ಹಿಂದೊಂದು ಸಂಪಾದಿಸಿಕೊಟ್ಟರು. ಎಂಟನೆಯ ಶತಮಾನದ ಉದ್ದ್ಯೋತನಸೂರಿಯ ಕುವಲಯಮಾಲಾ ಎಂಬ ಪ್ರಾಕೃತ ಕಥೆಯನ್ನು ೧೯೫೯ರಲ್ಲಿ, ೧೯೭೦ರಲ್ಲಿ ಎರಡು ಭಾಗವಾಗಿ ಹೊರತಂದರು. ಆ ಕಥೆಯ ಸಂತೆಯಲ್ಲಿ ನಾನಾ ದೇಶದ ವರ್ತಕರು ತಮ್ಮ ತಮ್ಮ ನುಡಿಯಲ್ಲಿ ಮಾತಾಡುತ್ತಾರೆ. ಕನ್ನಡಿಗನೂ ಇದ್ದಾನೆ, ಮರಾಠನೂ ಇದ್ದಾನೆ. ಸದಲಗಾದ ಹುಡುಗನೇ ಅದನ್ನು ಸಂಪಾದಿಸಿದ್ದು ಎಷ್ಟು ಸರಿಯಾಗಿದೆ! ೧೯೬೭ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬೆಂಗಳೂರಿನ ಎಷ್ಟು ಹುಡುಗರಿಗೆ ಈ ಹೆಸರು ಗೊತ್ತು?

ಅದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೯೬ರಲ್ಲಿ ಹುಟ್ಟಿದ ಶಂ. ಬಾ. ಜೋಶಿಯವರು ಊರ ಹೆಸರುಗಳ ಬೆನ್ನು ಹತ್ತಿದರು. ಶಾಲಾಮಾಸ್ತರಿಕೆಯ ಬಡತನದಲ್ಲೇ ಪದಗಳ ಹೆಜ್ಜೆಗುರುತು ನೋಡುತ್ತ ಹೊರಟು, ಈಗ ಮರಾಠಿ ಆಡುವ ನೆಲದಲ್ಲಿ ಕನ್ನಡ ಎಲ್ಲೆಲ್ಲಿ ಹೂತುಹೋಗಿದೆ ಎಂದು ತೋರಿಸಿದರು. "ಕಣ್ಮರೆಯಾದ ಕನ್ನಡ" ಎಂಬುದು ಅವರ ಪುಸ್ತಕದ ಹೆಸರು.

ಕಿಟೆಲ್‌ರನ್ನು ಬಿಡಲಾದೀತೇ? ೧೮೫೩ರಲ್ಲಿ ಬಂದ ಜರ್ಮನ್ ಪಾದ್ರಿ, ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಛಾಪಖಾನೆಯಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಧರ್ಮ ಹರಡಲು ಬಂದವರ ಬೆನ್ನು ಕನ್ನಡ ಹತ್ತಿತೋ, ಕನ್ನಡದ ಬೆನ್ನು ಅವರು ಹತ್ತಿದರೋ! ಅವರ ನಿಘಂಟಿನಲ್ಲಿ ಒಂದು ಗುರುತು ಬರುತ್ತದೆ: ದಕ್ಷಿಣ ಮರಾಠಾ ಸೀಮೆಯ ಬಳಕೆ ಎಂದು. ಯಾವುದು ಆ ಸೀಮೆ? ಧಾರವಾಡ, ಬೆಳಗಾವಿ, ವಿಜಾಪುರ! ಬ್ರಿಟಿಷರ ದಫ್ತರಿನಲ್ಲಿ ನಮ್ಮ ನೆಲದ ಹೆಸರೇ ಅದಾಗಿತ್ತು. ಹೆಸರು ಮರಾಠಾ, ಪದ ಕನ್ನಡ. ಕಿಟೆಲ್ ಹೆಸರಿಗೆ ಮೋಸಹೋಗದೆ ಪದವನ್ನು ದಾಖಲಿಸಿದರು.

ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ೧೯೭೦ರಿಂದ ೧೯೯೫ರವರೆಗೆ ಹೊರಬಂತು. ಅದರ ಹಿಂದಿದ್ದ ಜಿ. ವೆಂಕಟಸುಬ್ಬಯ್ಯನವರು ೧೯೯೧ರಿಂದ "ಪ್ರಜಾವಾಣಿ"ಯಲ್ಲಿ "ಇಗೋ ಕನ್ನಡ" ಬರೆದು ಓದುಗರ ಒಂದೊಂದು ಪ್ರಶ್ನೆಗೂ ಉತ್ತರ ಕೊಟ್ಟರು. ೨೦೨೧ರಲ್ಲಿ ತೀರಿಕೊಂಡಾಗ ಅವರಿಗೆ ನೂರೇಳು ವರ್ಷ. ನೂರು ದಾಟಿದರೂ ಪದ ಬೆನ್ನು ಬಿಟ್ಟಿರಲಿಲ್ಲ.

ಬೆನ್ನು ಹತ್ತುವುದು ಪಂಡಿತರ ಸೊತ್ತಷ್ಟೇ ಅಲ್ಲ. ೧೯೮೧ರ ಮಾರ್ಚ್-ಏಪ್ರಿಲ್‌ನಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಶರದ್ ಜೋಶಿಯವರ ಮುಂದಾಳುತನ. ದಿನಗಟ್ಟಲೆ ಬಿಸಿಲಿನಲ್ಲಿ ಕೂತ ರೈತರಲ್ಲಿ ಕನ್ನಡದವರೂ ಇದ್ದರು, ಮರಾಠಿಯವರೂ ಇದ್ದರು. ಪೊಲೀಸರ ಗುಂಡಿಗೆ ರೈತರು ಸತ್ತರು. ಪಟ್ಟು ಹಿಡಿಯುವುದು ಅಂದರೆ ಏನೆಂದು ಆ ಊರಿಗೆ ಯಾರೂ ನಿಘಂಟು ನೋಡಿ ಹೇಳಬೇಕಾಗಿಲ್ಲ.

ಇದರಲ್ಲಿ ನಿಮಗೇನು?

ಈಗ ನೇರ ಮಾತಿಗೆ ಬರೋಣ. ೧೯೫೬ರ ನವೆಂಬರ್ ೧ಕ್ಕೆ ಮೊದಲು ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದಲ್ಲಿದ್ದವು. ಅದಕ್ಕೂ ಹಿಂದೆ, ರಾಜರ ಕಾಲದಲ್ಲಿ, ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಒಂದಾದ ಮೇಲೂ ತಂಟೆ ಮುಗಿಯಲಿಲ್ಲ. ೧೯೬೬ರಲ್ಲಿ ಮಹಾಜನ ಆಯೋಗ ಬಂತು, ೧೯೬೭ರಲ್ಲಿ ವರದಿ ಕೊಟ್ಟಿತು, ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ೨೦೦೪ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಈ ವಾದದಲ್ಲೆಲ್ಲ ತಕ್ಕಡಿಗೆ ಹಾಕುವುದು ಒಂದನ್ನೇ: ಅಲ್ಲಿನ ಜನ ಯಾವ ಮಾತು ಆಡುತ್ತಾರೆ?

ಆಚೆಯವರು "ಅವರದು ಮರಾಠಿ" ಅನ್ನುತ್ತಾರೆ. ಈಚೆ ಬೆಂಗಳೂರಿನಲ್ಲಿ ಕೂತ ನಾವೂ "ಅವರದೆಂಥ ಕನ್ನಡ, ಮರಾಠಿ ಕಲಬೆರಕೆ" ಅಂದು ನಕ್ಕರೆ? ಇಬ್ಬರ ಮಾತೂ ಒಂದೇ ಆಯಿತಲ್ಲ! ಧ್ವಜ ಹಿಡಿದು ಬೆಳಗಾವಿ ನಮ್ಮದು ಎಂದು ಕೂಗುವ ಬಾಯೇ ಬೆಳಗಾವಿಯ ಮಾತು ಕೇಳಿ ನಕ್ಕರೆ ಆ ಕೂಗಿಗೆ ಬೆಲೆ ಎಷ್ಟು? ನೆಲ ಬೇಕು, ನೆಲದ ನಾಲಗೆ ಬೇಡ ಅನ್ನುವುದು ಯಾವ ನ್ಯಾಯ?

ಅಥಣಿ, ನಿಪ್ಪಾಣಿ ಕಡೆಯ ಚಮ್ಮಾರರು ತಲೆತಲಾಂತರದಿಂದ ಚರ್ಮ ಹದ ಮಾಡಿ, ಕೈಯಿಂದ ಹೆಣೆದು, ಚಪ್ಪಲಿ ಮಾಡುತ್ತಾರೆ. ಜಗತ್ತು ಅದನ್ನು ಕೊಲ್ಲಾಪುರಿ ಅನ್ನುತ್ತದೆ. ೨೦೧೯ರಲ್ಲಿ ಭೌಗೋಳಿಕ ಗುರುತು ಕೊಟ್ಟಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ಜಿಲ್ಲೆಗಳನ್ನೂ ಸೇರಿಸಿದರು. ಆದರೂ ೨೦೨೫ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನಲ್ಲಿ ಮೆರೆಸಿದಾಗ ಕೇಳಿಬಂದ ಹೆಸರು ಕೊಲ್ಲಾಪುರವೇ. ಅಥಣಿಯ 'ಹತ್ತು' ಎಂಬ ಪದದ ಪಾಡೂ ಅದೇ ಆಗಬಾರದು. ಮಾಡಿದವರು ನಾವು, ಬಳಸಿದವರು ನಾವು. "ಅದು ಮರಾಠಿಯದು" ಎಂದು ನಾವೇ ಚೀಟಿ ಹಚ್ಚಿಕೊಡುವುದು ಬೇಡ.

ಮರಾಠಿ ನಮ್ಮ ಹಗೆಯಲ್ಲ, ನೆನಪಿರಲಿ. ಲಾಗಣೆ ಎಂಬ ಒಳ್ಳೆಯ ಪದ ಅವರಿಗಿದೆ, ಅದನ್ನು ಅವರು ಅಭಿಮಾನದಿಂದ ಬಳಸುತ್ತಾರೆ. ಪುಣೆಯ ಹುಡುಗ ಅದಕ್ಕೆ ನಾಚುವುದಿಲ್ಲ. ನಮ್ಮ ಹಗೆ ನಮ್ಮದೇ ನಾಚಿಕೆ.

ಆದ್ದರಿಂದ ಗೆಳೆಯರೇ, ಮೂರು ಕೆಲಸ ಮಾಡಿ. ಮೊದಲನೆಯದು, ಮುಂದಿನ ಸಲ ಯಾರಾದರೂ "ಬರಾಕತ್ತೀನಿ" ಅಂದರೆ ನಗುವ ಬದಲು ಕೇಳಿ: ನಿಮ್ಮೂರಲ್ಲಿ ಇನ್ನೂ ಯಾವುದಕ್ಕೆಲ್ಲ ಹತ್ತು ಅನ್ನುತ್ತೀರಿ? ಹೇಳಿದ್ದನ್ನು ಬರೆದುಕೊಳ್ಳಿ. ಎರಡನೆಯದು, ಒಬ್ಸೆಸ್, ಕ್ರೇಜು, ಅಡಿಕ್ಟು ಎಂಬ ಮಾತು ಬಾಯಿಗೆ ಬಂದಾಗ ಒಂದು ಗಳಿಗೆ ನಿಂತು "ಬೆನ್ನು ಹತ್ತು" ಎಂದು ಹೇಳಿ ನೋಡಿ. ನಿಮ್ಮ ಬರಹದಲ್ಲಿ, ಹಾಡಿನಲ್ಲಿ, ಸಿನಿಮಾದ ಮಾತಿನಲ್ಲಿ ಬಳಸಿ. ಮೂರನೆಯದು ಆ ಕಡೆಯಿಂದ ಬಂದಿರುವ ನಿಮಗೇ. ಚಿಕ್ಕೋಡಿಯ, ಅಥಣಿಯ, ಕಾಗವಾಡದ ಹುಡುಗ ಹುಡುಗಿಯರೇ, ನಿಮ್ಮ ಅವ್ವನ ಮುಂದೆ ನಿಮ್ಮ ಅವ್ವನ ಮಾತನ್ನೇ ಆಡಿ. ಬೆಂಗಳೂರಿನಲ್ಲೂ ಆಡಿ. ನಿಮ್ಮ ಕನ್ನಡ ಕಲಬೆರಕೆಯಲ್ಲ, ಕೇಶಿರಾಜನ ಕಾಲದ ಗಟ್ಟಿ ಕಾಳು.

ಒಂದು ಪದದ ಬೆನ್ನು ಹತ್ತಿ ಹೋದರೆ ಒಂದು ನೆಲ ಸಿಗುತ್ತದೆ. ಸಿಗುವತನಕ ಬಿಡಬೇಡಿ. ಕನ್ನಡದ ಬೆನ್ನು ಹತ್ತಿ!